ಚಿಲಕದ ಮೇಷ್ಟ್ರು ಮತ್ತು ನನ್ನ ತಂಗಿಯ ಮೇಣದ ಹಲ್ಲು

ಆ ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸಿಟ್ಟು ನನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಹಾಲಿಗಿಂತ ಮೊದಲು ನಾನೇ ಉಕ್ಕುತ್ತೇನೆ ಅಂತ ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ಆದರೆ ನನ್ನ ಬೇರೆ ಸಿಟ್ಟುಗಳೆಲ್ಲ ಕೈಕಾಲು ತೊಳೆದು ಊಟಕ್ಕೆ ಕೂರುವ ಹೊತ್ತಿಗೆ ಇಳಿದುಹೋಗುತ್ತವೆ. ಇದು ಇಳಿದಿಲ್ಲ. ನನ್ನ ತಂಗಿ ಮಾಡಿಕೊಂಡು ಹೋದ ಕೆಲಸವನ್ನು ಅವನು ಬೇಡ ಅಂದ ಅಂತ ಅಲ್ಲ. ಬೇಡ ಅನ್ನುವ ಹಕ್ಕು ಅವನಿಗಿತ್ತು. ಸರಿಯಿಲ್ಲದ ಕೆಲಸವನ್ನು ನಾನೂ ಎಷ್ಟೋ ಸಲ ಬೇಡ ಅಂದಿದ್ದೇನೆ. ಬೇಕು ಅಥವಾ ಬೇಡ ಅನ್ನಬೇಕಾದ ಕುರ್ಚಿಯ ಮೇಲೆ ಕೂತು, ಆ ಮಾತನ್ನು ತನ್ನ ಬಾಯಿಂದ ಆಡದೆ, ನಲವತ್ತು ದಾಟಿದ ಹೆಂಗಸು ಇಡೀ ಕ್ಲಾಸಿನ ಮುಂದೆ ಸೆರಗೊಡ್ಡುವ ಹಾಗೆ ಮಾಡಿದನಲ್ಲ, ಅದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ನಾನು ಹೆಚ್ಚು ಓದಿದವನಲ್ಲ. ಗೇಟು, ಗ್ರಿಲ್ಲು, ಮೆಟ್ಟಿಲ ಕಂಬಿ, ಇವುಗಳ ವೆಲ್ಡಿಂಗ್ ನನ್ನ ಕಸುಬು. ನಮ್ಮ ಮನೆಯಲ್ಲಿ ಯಾರಿಗಾದರೂ ಓದು ಹತ್ತಿದ್ದರೆ ಅದು ತಂಗಿಗೆ, ಅದೂ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ.

ಅವಳು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿದ್ದಳು. ಆಸ್ಪತ್ರೆ ಅಂದರೆ ಜನ ಮುಂದಿನ ಬಾಗಿಲು ನೋಡುತ್ತಾರೆ, ಗಾಜು, ಹೂಕುಂಡ, ನಗುವ ಹುಡುಗಿ. ಹಿಂದೆ, ನೆಲಮಾಳಿಗೆಯಲ್ಲಿ, ಒಬ್ಬ ಮನುಷ್ಯ ಒಳಗೆ ನಿಲ್ಲಬಹುದಾದಷ್ಟು ದೊಡ್ಡ ತೊಳೆಯುವ ಡ್ರಮ್ಮುಗಳು, ಅವುಗಳ ಎದುರಿಗೆ ಒಣಗಿಸುವ ಡ್ರೈಯರುಗಳು. ರಕ್ತದ ಹಾಸು, ವಾಂತಿಯ ಹಾಸು, ಸತ್ತವರ ಹಾಸು, ಎಲ್ಲ ಒಂದೇ ದಾರಿಯಲ್ಲಿ ಬಂದು ಬೆಳ್ಳಗಾಗಿ ಮೇಲೆ ಹೋಗುತ್ತಿದ್ದವು. ಡ್ರೈಯರಿನ ಬಾಗಿಲು ತೆಗೆದರೆ ಬೇರೆಯವರು ಮುಖ ಹಿಂದಕ್ಕೆಳೆದುಕೊಳ್ಳುತ್ತಿದ್ದರು, ಇವಳು ಬರಿಗೈ ಹಾಕಿ ಬಟ್ಟೆ ಎಳೆಯುತ್ತಿದ್ದಳು. ಅದಕ್ಕೇ ಅಲ್ಲಿ ಎಲ್ಲರೂ ಅವಳನ್ನು ಇಕ್ಕಳ ಅಂತ ಕರೆಯುತ್ತಿದ್ದದ್ದು. ಚಿಕ್ಕವರು ಇಕ್ಕಳದಕ್ಕ ಅನ್ನುತ್ತಿದ್ದರು. ಮನೆಯಲ್ಲೂ ಹಾಗೇ. ಒಲೆ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಎತ್ತಿ ನನ್ನ ಹೆಂಡತಿಯ ಕೈಗೆ ಕೊಡುವುದು, ಅವಳು ಅಯ್ಯಯ್ಯೋ ಅಂತ ಕಿರುಚುವುದು, ಇವಳು "ಏನಾಯ್ತು ಅತ್ತಿಗೆ, ಆರಿದೆಯಲ್ಲ" ಅನ್ನುವುದು. ಅಂಗೈಯಲ್ಲಿ ಬಿಸಿ ತಿಳಿಯುವ ಜಾಗವೇ ಸತ್ತುಹೋಗಿತ್ತು ಅಂತ ಕಾಣುತ್ತದೆ.

ಅವಳ ಗಂಡ ಕೆಲಸಕ್ಕೆಂದು ಬೇರೆ ಊರಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನ ವಿಷಯಕ್ಕೆ ಇಷ್ಟು ಸಾಕು, ಹೆಚ್ಚು ಬರೆದರೆ ಪೆನ್ನು ಮುರಿಯುತ್ತೇನೆ. ತಂಗಿ ಮಗಳನ್ನು ಕರೆದುಕೊಂಡು ನಮ್ಮ ಮನೆಯ ಹಿಂದಿನ ಕೋಣೆಗೆ ಬಂದಳು. ಅವಳ ಮೈದುನ ಆಗಾಗ ಫೋನ್ ಮಾಡಿ "ಅತ್ತಿಗೆ, ಇಲ್ಲೇ ಬಂದಿರಿ, ನಮ್ಮ ಮಕ್ಕಳನ್ನ ನೋಡ್ಕೊಂಡು, ಅಡಿಗೆ ಮಾಡ್ಕೊಂಡು ಇದ್ದುಬಿಡಿ, ನಿಮಗೇನು ಕಮ್ಮಿ ಮಾಡ್ತೀವಿ" ಅನ್ನುತ್ತಿದ್ದ. ಸಂಬಳವಿಲ್ಲದ ಕೆಲಸದವಳು ಬೇಕಾಗಿತ್ತು ಅವನಿಗೆ. ಅಲ್ಲಿಗೆ ಹೋಗುವುದಕ್ಕಿಂತ ಡ್ರೈಯರಿನ ಒಳಗೆ ಹೋಗಿ ಕೂರುತ್ತೇನೆ ಅನ್ನುತ್ತಿದ್ದಳು ತಂಗಿ.

ಆಮೇಲೆ ಲಾಂಡ್ರಿ ಮುಚ್ಚುವ ಸುದ್ದಿ ಬಂತು. ಆಸ್ಪತ್ರೆಯವರು ಬಟ್ಟೆಯನ್ನೆಲ್ಲ ಹೊರಗಿನ ಗುತ್ತಿಗೆಗೆ ಕೊಡುತ್ತಾರಂತೆ, ವರ್ಷದೊಳಗೆ ಎಲ್ಲರನ್ನೂ ಮನೆಗೆ ಕಳಿಸುತ್ತಾರಂತೆ. ನಾನಿದ್ದೇನಲ್ಲ ಅಂದೆ. "ನೀನಿದ್ದೀಯ ಅಣ್ಣ, ನಿನ್ನ ಮನೆ ಬಾಡಿಗೆ ಯಾರು ಕೊಡ್ತಾರೆ ನಿನಗೇ ಗೊತ್ತಿಲ್ಲ" ಅಂದಳು. ಸುಳ್ಳೇನಲ್ಲ.

ಆಸ್ಪತ್ರೆಯ ಎದುರುಗಡೆ ಮಹಡಿ ಮೇಲೆ ಒಂದು ಡೆಂಟಲ್ ಲ್ಯಾಬ್ ಇತ್ತು, ಹಲ್ಲುಸೆಟ್ಟು ಮಾಡುವ ಜಾಗ. ಅದರ ಯಜಮಾನಿ ತನ್ನ ಬಿಳಿ ಕೋಟುಗಳನ್ನು ತಂಗಿಯ ಲಾಂಡ್ರಿಗೇ ಹಾಕುತ್ತಿದ್ದಳು. ಒಂದು ದಿನ ಕೋಟಿನ ಕಾಲರಿಗೆ ತಂಗಿ ಗುಂಡಿ ಹೊಲಿಯುವುದನ್ನು ನೋಡುತ್ತ ನಿಂತಿದ್ದವಳು, "ನಿಮ್ಮ ಕೈ ಒಂಚೂರೂ ನಡುಗಲ್ಲವಲ್ಲ. ಹಲ್ಲಿನ ಕೆಲಸದ ಸರ್ಟಿಫಿಕೇಟ್ ತನ್ನಿ, ಬರೋ ವರ್ಷ ನನ್ನ ಹತ್ರ ಒಂದು ಜಾಗ ಖಾಲಿ ಆಗುತ್ತೆ, ನಿಮಗೇ ಕೊಡ್ತೀನಿ" ಅಂದಳು. ಪರೀಕ್ಷೆ ಪಾಸಾದರೆ ಲ್ಯಾಬಿನ ಕೆಲಸದ ಬೆಂಚು, ಇಲ್ಲದಿದ್ದರೆ ಮೈದುನನ ಅಡಿಗೆಮನೆ. ಮೂರನೆಯದು ಇರಲಿಲ್ಲ.

ಸಂಜೆ ಕ್ಲಾಸಿಗೆ ಸೇರಿದಳು. ಹಲ್ಲಿನ ಆಕಾರ ಕೈಗೆ ಬರಲಿ ಅಂತ ಮೊದಲು ಸೋಪಿನಲ್ಲಿ ಕೆತ್ತಿಸಿದರು. ನಮ್ಮ ಬಚ್ಚಲಲ್ಲಿ ಸೋಪು ಅನ್ನುವುದೇ ಉಳಿಯಲಿಲ್ಲ. ನಾನು ತಿಂಗಳುಗಟ್ಟಲೆ ದವಡೆ ಹಲ್ಲಿನಿಂದ ಮೈ ತಿಕ್ಕಿಕೊಂಡಿದ್ದೇನೆ. "ಇವತ್ತು ಕೋರೆ ಹಲ್ಲು ರೀ, ಕಂಕುಳಲ್ಲಿ ಜೋಪಾನ" ಅಂತ ಹೆಂಡತಿ ಹೊರಗಿನಿಂದ ಕೂಗುತ್ತಿದ್ದಳು. ಆಮೇಲೆ ಮೇಣ ಬಂತು. ಬೆರಳುದ್ದದ ಮೇಣದ ಗಟ್ಟಿ, ಅದರ ತುದಿಯಲ್ಲಿ ಹಲ್ಲು ಬಿಡಿಸಬೇಕು, ಮೇಲಿನ ಉಬ್ಬುಗಳು, ಅವಳ ಮಾತಲ್ಲಿ ಗುಬ್ಬಿಗಳು, ನಡುವಿನ ಗೆರೆಗಳು, ಬೇರಿನ ಬಾಗು ಎಲ್ಲ. ನನ್ನ ತಂಗಿ ಕೆತ್ತಲು ಕೂತರೆ ಮಗಳು ಕರೆದರೂ ಕೇಳುತ್ತಿರಲಿಲ್ಲ.

ಈಗ ಆ ಮೇಷ್ಟ್ರು. ಸಣಕಲು ಮನುಷ್ಯ, ಅಂಗಿಯ ಇಸ್ತ್ರಿ ಗೆರೆಯಲ್ಲಿ ತರಕಾರಿ ಹೆಚ್ಚಬಹುದು. ಮೇಜಿನ ಮೇಲೆ ಒಂದು ಮರದ ತಟ್ಟೆ, ಅದರಲ್ಲಿ ಗೂಡು ಗೂಡು, ಒಬ್ಬೊಬ್ಬರಿಗೆ ಒಂದೊಂದು ಗೂಡು. ಮನೆಯಲ್ಲಿ ಮಾಡಿದ ಕೆಲಸವನ್ನು ಬಂದ ತಕ್ಷಣ ಅವರವರ ಗೂಡಿನಲ್ಲಿಡಬೇಕು. ಗಂಟೆ ಹೊಡೆದ ಕೂಡಲೇ ಅವನು ಎದ್ದು ಹೋಗಿ ಬಾಗಿಲಿನ ಚಿಲಕ ಹಾಕುತ್ತಿದ್ದ. ಆಗ ಯಾರ ಗೂಡು ಖಾಲಿಯೋ ಅವರಿಗೆ ಸೊನ್ನೆ. ಮೂರು ಸೊನ್ನೆ ಆದರೆ ಪರೀಕ್ಷೆಗೆ ಹೆಸರು ಹೋಗುವುದಿಲ್ಲ. ಕಾರಣ ಕೇಳುವುದೇ ಇಲ್ಲ. "ಹಲ್ಲಿಲ್ಲದವನು ಡಾಕ್ಟರ ಕುರ್ಚಿ ಮೇಲೆ ಬಾಯಿ ತೆಗೆದು ಕೂತಿರ್ತಾನೆ. ನಿಮ್ಮ ಮನೆ ಕತೆ ಅವನ ಬಾಯೊಳಗೆ ಹಾಕೋಕಾಗುತ್ತಾ?" ಅನ್ನುತ್ತಿದ್ದನಂತೆ. ವಿದ್ಯಾರ್ಥಿಗಳು ಅವನನ್ನು ಚಿಲಕದ ಮೇಷ್ಟ್ರು ಅನ್ನುತ್ತಿದ್ದರು. ಅವನಿಗೂ ಅದು ಗೊತ್ತಿತ್ತು, ಬೇಜಾರಿಲ್ಲ.

ತಂಗಿಗೆ ಎರಡು ಸೊನ್ನೆ ಬಿದ್ದಿತ್ತು. ಒಂದು ಸಲ ಮಗಳಿಗೆ ಜ್ವರ. ಇನ್ನೊಂದು ಸಲ ಲಾಂಡ್ರಿಯಲ್ಲಿ ಡ್ರಮ್ಮು ಕೆಟ್ಟು ಯಾರನ್ನೂ ಬಿಡಲಿಲ್ಲ. ಎರಡು ಸಲವೂ ಅವಳು ಬಾಯಿ ಬಿಡಲಿಲ್ಲ. ನಿಯಮ ಅಂದರೆ ನಿಯಮ, ಇನ್ನು ಹುಷಾರಾಗಿರುತ್ತೇನೆ ಅಂದಳು. ಅಷ್ಟು ಹುಷಾರಾಗಿದ್ದದ್ದೇ ಮುಳುವಾಯಿತು.

ಆ ಸಲದ ಕೆಲಸ ಮೇಲ್ದವಡೆಯ ದೊಡ್ಡ ಹಲ್ಲು. ಅಂಥ ಹಲ್ಲನ್ನು ನಾನು ನೋಡಿರಲಿಲ್ಲ. ಕಚ್ಚಿಬಿಡುತ್ತದೇನೋ ಅನ್ನುವ ಹಾಗಿತ್ತು. ಒಂದು ತಗಡಿನ ಡಬ್ಬಿಯಲ್ಲಿಟ್ಟುಕೊಂಡು ಬೆಳಿಗ್ಗೆಯೇ ಲಾಂಡ್ರಿಗೆ ಒಯ್ದಳು, ಅಲ್ಲಿಂದ ನೇರ ಕ್ಲಾಸಿಗೆ ಹೋಗೋಣ ಅಂತ. ಸಂಜೆ ಹೊರಡುವಾಗ ಡಬ್ಬಿ ಅಲ್ಲಾಡಿಸಿ ನೋಡಿದಳು, ಒಳಗೆ ಲಟಲಟ ಅಂತು. ಬಸ್ಸಿನ ಕುಲುಕಾಟದಲ್ಲಿ ಗುಬ್ಬಿ ಮುರಿದರೆ? ಲಾಂಡ್ರಿಯವರಿಗೆ ಯಾವುದನ್ನಾದರೂ ಜೋಪಾನ ಮಾಡಬೇಕೆಂದರೆ ಕೈ ಹೋಗುವುದು ಟವೆಲಿಗೆ. ಪಕ್ಕದ ರಾಶಿಯಿಂದ ಒಂದು ಮೆತ್ತಗಿನ ಟವೆಲು ತೆಗೆದು ಹಲ್ಲನ್ನು ಸುತ್ತಿ, ಡಬ್ಬಿಯಲ್ಲಿ ತುರುಕಿ, ಮುಚ್ಚಳ ಬಿಗಿದು, ಡಬ್ಬಿಯ ಸುತ್ತ ಇನ್ನೊಂದು ಟವೆಲು ಸುತ್ತಿದಳು. ಆ ರಾಶಿ ಆಗಷ್ಟೇ ಡ್ರೈಯರಿನಿಂದ ಇಳಿದದ್ದು. ಬೇರೆ ಯಾರ ಕೈಯಾದರೂ ಚುರ್ ಅನ್ನುತ್ತಿತ್ತು. ಅವಳ ಕೈಗೆ ಅದು ತಣ್ಣಗಿತ್ತು.

ಕ್ಲಾಸಿಗೆ ಹೊತ್ತಿಗೆ ಮುಂಚೆಯೇ ಮುಟ್ಟಿದಳು. ತಟ್ಟೆಯ ಮುಂದೆ ನಿಂತು ಡಬ್ಬಿ ಬಿಚ್ಚಿದಳು. ಹಲ್ಲು ಹಲ್ಲಾಗಿರಲಿಲ್ಲ. ಗುಬ್ಬಿಗಳು ಇಳಿದು, ಗೆರೆಗಳು ಮುಚ್ಚಿ, ಮೈಮೇಲೆಲ್ಲ ಟವೆಲಿನ ನೂಲಿನ ಗುರುತು. "ಅಣ್ಣ, ಜಗಿದು ಉಗಿದ ಹಾಗಿತ್ತು" ಅಂದಳು ಆಮೇಲೆ.

ಆಗ ಅವಳು ಅದನ್ನೇ ಗೂಡಿನಲ್ಲಿಟ್ಟು ಕೂತಿದ್ದರೆ ಈ ಕತೆ ಇಲ್ಲ. ಅದಕ್ಕೂ ಎರಡೋ ಮೂರೋ ಅಂಕ ಸಿಗುತ್ತಿತ್ತು, ಸೊನ್ನೆಯಂತೂ ಆಗುತ್ತಿರಲಿಲ್ಲ. ಆದರೆ ಅವಳ ಕೈ ಬರಲಿಲ್ಲ. ಹೊರಗೆ ಕೈತೊಳೆಯುವ ತೊಟ್ಟಿಯ ಹತ್ತಿರ ಓಡಿ, ತಣ್ಣೀರಿನಲ್ಲಿ ಅದ್ದಿ ಗಟ್ಟಿ ಮಾಡಿ, ನಿಂತುಕೊಂಡೇ ಗುಬ್ಬಿ ಎಬ್ಬಿಸತೊಡಗಿದಳು. ಬೆನ್ನ ಹಿಂದೆ ಗಂಟೆ ಹೊಡೆಯಿತು. ಆಮೇಲೆ ಚಿಲಕದ ಸದ್ದು.

ಆವತ್ತು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅಡಿಗೆಮನೆಯ ಗೋಡೆಗೆ ಒರಗಿ ನಿಂತಳು. ಅಳಲಿಲ್ಲ. ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಯಾರದೋ ಕೈ ಅನ್ನುವ ಹಾಗೆ.

ಮಾರನೆಯ ದಿನ ಲಾಂಡ್ರಿಗೆ ರಜೆ ಹಾಕಿ, ಹೊಸ ಮೇಣದಲ್ಲಿ ಮತ್ತೆ ಕೆತ್ತಿದಳು. ಸಂಜೆ ಹೋಗಿ ಮೇಷ್ಟ್ರ ಮುಂದೆ ಇಟ್ಟಳು. ಅವನು ಮುಟ್ಟಲಿಲ್ಲ. ಅವರಿಬ್ಬರ ಮಾತನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೆ ಅಂದರೆ ನಾನೇ ಅಲ್ಲಿದ್ದ ಹಾಗಿದೆ.

"ನಾನು ತಡವಾಗಿ ಬಂದಿರಲಿಲ್ಲ ಸಾರ್."

"ಗೂಡು ಖಾಲಿ ಇತ್ತು."

"ಗೂಡು ಖಾಲಿ ಇತ್ತು, ನಾನು ಖಾಲಿ ಕೈಲಿ ಬಂದಿರಲಿಲ್ಲ. ಕರಗಿದ್ದನ್ನೇ ಇಟ್ಟಿದ್ರೆ ಎಷ್ಟು ಕೊಡ್ತಿದ್ರಿ?"

"ಎರಡೋ ಮೂರೋ."

"ಸೊನ್ನೆ ಅಲ್ವಲ್ಲ?"

"ಅಲ್ಲ."

"ಅಂದ್ರೆ ಕೆಟ್ಟ ಕೆಲಸ ಇಟ್ಟವರಿಗೆ ಎರಡೋ ಮೂರೋ. ಕೆಟ್ಟದ್ದನ್ನ ಇಡಲ್ಲ ಅಂದವಳಿಗೆ ಸೊನ್ನೆ. ಕೆಟ್ಟ ಕೆಲಸ ಬೆಂಚು ಬಿಟ್ಟು ಏಳಬಾರದು ಅಂತ ಮೊದಲನೇ ದಿನ ಹೇಳಿದ್ದು ನೀವೇ ಸಾರ್."

"ಹೊತ್ತಿಗೂ ಸರಿಯಾಗಿರಬೇಕು, ಚೆನ್ನಾಗೂ ಇರಬೇಕು. ಎರಡೂ ಬೇಕು."

"ಎರಡೂ ಆಗದ ದಿನ ಯಾವುದನ್ನ ಬಿಡಲಿ? ಅದನ್ನ ನೀವು ಕಲಿಸಿಲ್ಲ."

ಅವನು ಮೇಜಿನ ಮೇಲಿನ ಪೆನ್ನುಗಳನ್ನು ನೆಟ್ಟಗೆ ಜೋಡಿಸಿದನಂತೆ. ಆಮೇಲೆ, "ಬಾಗಿಲು ಹಾಕಿದ ಮೇಲೆ ನನ್ನ ಕೈಲಿ ಏನೂ ಇಲ್ಲಮ್ಮ" ಅಂದನಂತೆ. ಚಿಲಕ ಇದ್ದದ್ದೇ ಅವನ ಕೈಲಿ!

ಈ ಮಾತು ಕೇಳಿ ನನಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಮಾರನೆಯ ದಿನ ಅರ್ಧ ಬೆಸೆದ ಗೇಟನ್ನು ಅಲ್ಲೇ ಬಿಟ್ಟು, ಮಸಿ ಅಂಗಿಯಲ್ಲೇ ಕ್ಲಾಸಿಗೆ ನುಗ್ಗಿದೆ. ಮೇಷ್ಟ್ರು ಒಬ್ಬನೇ ಕೂತಿದ್ದ.

"ಯಾವನಯ್ಯಾ ನೀನು, ಹೆಂಗಸಿನ ಅನ್ನದ ಮೇಲೆ ಚಿಲಕ ಹಾಕೋನು?" ಅಂದೆ.

"ಕೂತ್ಕೊಳ್ಳಿ. ನೀರು ಕುಡೀತೀರಾ?" ಅಂದ.

ಸಿಟ್ಟಿನವನಿಗೆ ನೀರು ಬೇಕಾ ಅಂತ ಕೇಳುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು. ಇದ್ದಬದ್ದ ಮಾತೆಲ್ಲ ಆಡಿದೆ. ಲಾಂಡ್ರಿ ಮುಚ್ಚುವುದು, ಲ್ಯಾಬಿನ ಜಾಗ, ಮೈದುನನ ಅಡಿಗೆಮನೆ, ಟವೆಲು, ಅವಳ ಕೈ. ಮೇಜು ಗುದ್ದಿದೆ. ಖಾಲಿ ತಟ್ಟೆ ಎಗರಿತು. ಅವನು ಅದನ್ನು ಮತ್ತೆ ನೆಟ್ಟಗೆ ಇಟ್ಟ.

"ನಿಮ್ಮ ತಂಗಿ ಕೆಲಸ ಈ ಕ್ಲಾಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿದೆ. ಅದು ನನಗೆ ಗೊತ್ತು" ಅಂದ. "ಆದ್ರೆ ಈ ಬಾಗಿಲ ಆಚೆ ನಾನು ಎಷ್ಟೋ ಜನರನ್ನ ನಿಲ್ಲಿಸಿದ್ದೀನಿ. ಒಬ್ಬರಿಗೆ ತೆಗೆದ್ರೆ ಅವರಿಗೆಲ್ಲ ಏನು ಹೇಳಲಿ? ಒಂದು ಕೆಲಸ ಮಾಡಿ. ಕ್ಲಾಸಿನವರು ಎಲ್ಲರೂ ಒಪ್ಪಲಿ. ಒಬ್ಬರು ಬೇಡ ಅಂದ್ರೂ ಇಲ್ಲ. ಎಲ್ಲರೂ ಹೂಂ ಅಂದ್ರೆ ಆ ಹಲ್ಲು ತಗೋತೀನಿ."

ದಾರಿಯಲ್ಲಿ ನಾನು ಗೆದ್ದೆ ಅಂದುಕೊಂಡು ಬಂದೆ. ಮನೆಯಲ್ಲಿ ಹೇಳಿದಾಗ ತಂಗಿಯ ಮುಖ ಬಿಳಿಚಿಕೊಂಡಿತು. "ಅಣ್ಣ, ಅವರು ಬೇಡ ಅಂದಿದ್ರೆ ಒಬ್ಬರ ಹತ್ರ ಬೇಡ ಅನ್ನಿಸ್ಕೊಳ್ತಿದ್ದೆ. ಈಗ ಅಷ್ಟೂ ಜನದ ಹತ್ರ ಬೇಡಬೇಕು" ಅಂದಳು. ಆಮೇಲೆ ನನಗೂ ಹೊಳೆಯಿತು ಅವನು ಮಾಡಿದ್ದೇನು ಅಂತ.

ಬೇಡಿದಳು. ಪರೀಕ್ಷೆಗೆ ಹೆಸರು ಕಳಿಸುವ ದಿನ ಹತ್ತಿರ ಬಂದಿತ್ತು. ಲಾಂಡ್ರಿ ಬಿಟ್ಟ ಕೂಡಲೇ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುವಳು. ಎಳೆ ಹುಡುಗಿಯರು ತಕ್ಷಣ ಹೂಂ ಅಂದರು. ಒಬ್ಬ ಕ್ಷೌರದಂಗಡಿಯವನಿದ್ದ, ಗಿರಾಕಿಯ ಅರ್ಧ ಗಡ್ಡ ಬಿಟ್ಟು ಇವಳ ಕತೆ ಕೇಳಿ, "ನಾನು ಹೂಂ ಅಂತೀನಿ ಅಕ್ಕ, ಆದ್ರೆ ನಾಳೆ ನಾನು ಲೇಟಾದಾಗ ನೀವೂ ಹೂಂ ಅನ್ನಬೇಕು" ಅಂದ. ಸೋಪು ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ, "ನನ್ನದೂ ಒಪ್ಪಿಗೆ ಇದೆಯಮ್ಮ, ಮೊದಲು ಇವನಿಗೆ ಕತ್ತಿ ಹಿಡಿಯೋಕೆ ಹೇಳಿ" ಅಂದನಂತೆ. ಅಷ್ಟು ದಿನಗಳಲ್ಲಿ ಅವಳು ನಕ್ಕದ್ದು ಅದೊಂದಕ್ಕೆ.

ಕೊನೆಗೆ ಉಳಿದವನು ಒಬ್ಬ. ಡೆಲಿವರಿ ವ್ಯಾನ್ ಓಡಿಸುವವನು, ಕ್ಲಾಸಿನಲ್ಲಿ ವ್ಯಾನಣ್ಣ ಅಂತಲೇ ಹೆಸರು. ತಂಗಿಗಿಂತ ಚಿಕ್ಕವನು. ಹೋದ ವರ್ಷವೂ ಇದೇ ಕ್ಲಾಸಿನಲ್ಲಿದ್ದ, ಮತ್ತೆ ಕೂತಿದ್ದ. ಇವಳು ಕ್ಲಾಸಿನ ಬಾಗಿಲಲ್ಲೇ ಅವನನ್ನು ಹಿಡಿದಳು. ಅವನು ಪೂರಾ ಕೇಳಿ, ಎಲ್ಲರಿಗೂ ಕೇಳಿಸುವ ಹಾಗೆ "ಇಲ್ಲ ಅಕ್ಕ. ನಾನು ಒಪ್ಪಲ್ಲ" ಅಂದು ಒಳಗೆ ಹೋದ.

ಮನೆಗೆ ಬಂದು ತಂಗಿ ನನ್ನ ಹೆಂಡತಿಗೆ, "ಅತ್ತಿಗೆ, ಆ ದೊಡ್ಡ ಟ್ರಂಕು ಎಲ್ಲಿದೆ?" ಅಂತ ಕೇಳಿದಳು. ಮೈದುನನ ಮನೆಗೆ ಹೋಗಲು ಬಟ್ಟೆ ಜೋಡಿಸಬೇಕಲ್ಲ. ಮಗಳು ಶಾಲೆ ಪುಸ್ತಕ ಎದೆಗೆ ಅವುಚಿಕೊಂಡು "ನಾನು ಬರಲ್ಲ, ನಾನು ಮಾಮನ ಹತ್ರಾನೇ ಇರ್ತೀನಿ" ಅಂತ ಬಾಗಿಲ ಹಿಂದೆ ನಿಂತಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಆ ನೋಟಕ್ಕೆ ನಾನು ಅಂಗಿ ಹಾಕಿಕೊಂಡು ಹೊರಟೆ. "ರೀ, ಕೈ ಮಾತ್ರ ಎತ್ತಬೇಡಿ" ಅಂದಳು ಹಿಂದಿನಿಂದ. ಎತ್ತಲೆಂದೇ ಹೊರಟಿದ್ದೆ.

ಅವನು ಗೋದಾಮಿನ ಮುಂದೆ ವ್ಯಾನಿನ ಹಿಂದಿನ ಬಾಗಿಲು ತೆಗೆದು ಪೆಟ್ಟಿಗೆ ಇಳಿಸುತ್ತಿದ್ದ. ನಾನು ಇಂಥವಳ ಅಣ್ಣ ಅಂದೆ.

"ಗೊತ್ತಾಯ್ತು. ಮೇಜು ಗುದ್ದಿದವರು" ಅಂದ. "ಹೊಡೀತೀರಾ? ಈ ಪೆಟ್ಟಿಗೆ ಇಳಿಸಿಬಿಡ್ತೀನಿ, ಗಾಜಿದೆ."

"ನಿನ್ನ ಗಂಟೇನಯ್ಯಾ ಹೋಗೋದು? ಒಂದು ಹೂಂ ಅಂದ್ರೆ ನಾಲಿಗೆ ಸವೆಯುತ್ತಾ?"

ಅವನು ಪೆಟ್ಟಿಗೆ ಕೆಳಗಿಟ್ಟು ಬೆವರು ಒರೆಸಿಕೊಂಡ. "ಹೋದ ವರ್ಷ ನನ್ನ ಹೆಂಡ್ತಿಗೆ ನೋವು ಬಂತು. ಕ್ಲಾಸಿನ ದಿನವೇ. ಹೆರಿಗೆ ಕೋಣೆ ಹೊರಗೆ ನಿಂತಿದ್ದೆ, ಜೇಬಲ್ಲಿ ಮೇಣದ ಹಲ್ಲು. ಮಗು ಅತ್ತದ್ದು ಕೇಳಿಸ್ತು, ಮುಖ ಕೂಡ ನೋಡ್ಲಿಲ್ಲ, ಓಡಿಬಂದೆ. ಚಿಲಕ ಬಿದ್ದಿತ್ತು. ಕಿಟಕಿಯಲ್ಲಿ ಹಲ್ಲು ಎತ್ತಿ ತೋರಿಸಿದೆ. ಮೇಷ್ಟ್ರು ನೋಡಿದ್ರು, ಬೋರ್ಡ್ ಕಡೆ ತಿರುಗಿದ್ರು. ಅದು ನನ್ನ ಮೂರನೇ ಸೊನ್ನೆ. ಆವತ್ತು ಯಾರನ್ನೂ ಒಪ್ಪಿಗೆ ಇದೆಯಾ ಅಂತ ಕೇಳ್ಲಿಲ್ಲ ಯಜಮಾನ್ರೇ. ಮಗುಗೆ ಇಲ್ಲದ ಮಾಫಿ ಟವೆಲ್‌ಗೆ ಯಾಕೆ?"

ಎತ್ತಲೆಂದು ಬಂದಿದ್ದ ಕೈಯನ್ನು ಜೇಬಿಗೆ ಹಾಕಿಕೊಂಡೆ. ಅಂಥದ್ದು ಅಪರೂಪ.

"ಇನ್ನೊಂದು ಮಾತು. ಸುಳ್ಳು ಹೇಳಲ್ಲ" ಅಂದ. "ಅಕ್ಕ ಪರೀಕ್ಷೆಗೆ ಕೂರದಿದ್ರೆ ಆ ಲ್ಯಾಬಿನ ಜಾಗ ನನಗೆ ಸಿಗುತ್ತೆ. ಯಜಮಾನಿನೇ ಹೇಳಿದ್ದಾರೆ. ಈ ವರ್ಷ ಇರೋದು ಅದೊಂದೇ. ನನಗೂ ಬೆನ್ನು ನೋಯುತ್ತೆ. ಎಷ್ಟು ವರ್ಷ ಪೆಟ್ಟಿಗೆ ಹೊರಲಿ?"

ಸುಳ್ಳು ಹೇಳಿದ್ದರೆ ಹೊಡೆಯಬಹುದಿತ್ತು. ನಿಜ ಹೇಳಿದವನಿಗೆ ಎಲ್ಲಿಂದ ಹೊಡೆಯುವುದು? ಸುಮ್ಮನೆ ವಾಪಸು ಬಂದೆ. ತಂಗಿ ಟ್ರಂಕಿನ ಮುಂದೆ ಕೂತಿದ್ದಳು. ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಅವಳು ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಿಸುತ್ತ ಕೂತಳು, ಲಾಂಡ್ರಿಯ ಮಡಿಕೆ, ನಾಲ್ಕು ಮೂಲೆ ಒಂದರ ಮೇಲೊಂದು. "ಮಗು ಮುಖ ನೋಡ್ಲಿಲ್ಲವಂತಾ?" ಅಂತ ಒಂದು ಸಲ ಕೇಳಿದಳು. ಇಲ್ಲವಂತೆ ಅಂದೆ.

ಹೆಸರು ಕಳಿಸುವ ಕೊನೆಯ ದಿನ ಬಂತು. ಕ್ಲಾಸಿಗೆ ಅವಳ ಜೊತೆ ನಾನೂ ಹೋದೆ. ಒಳಗೆ ಬಿಡಲಿಲ್ಲ. ಹೊರಗೆ ಕಿಟಕಿಯ ಗ್ರಿಲ್ ಹಿಡಿದು ನಿಂತೆ. ಮೇಷ್ಟ್ರು ಚಿಲಕ ಹಾಕಿ ಬಂದು, "ಇವರ ಕೆಲಸ ತಗೊಳ್ಳೋದಕ್ಕೆ ಯಾರದಾದರೂ ತಕರಾರಿದೆಯಾ?" ಅಂತ ಕೇಳಿದ, ಯಾವುದೋ ಸಾಮಾನು ಹರಾಜು ಹಾಕುವವನ ಹಾಗೆ. ವ್ಯಾನಣ್ಣ ಕೈ ಎತ್ತಬೇಕು, ಅಷ್ಟೆ. ಅವನು ಎತ್ತುವ ಮುಂಚೆ ನನ್ನ ತಂಗಿ ಎದ್ದು ನಿಂತಳು.

"ಸಾರ್, ನನ್ನದಕ್ಕೆ ಮುಂಚೆ ಇವರದ್ದು ಆಗಲಿ."

"ಯಾರದ್ದು?"

"ಇವರದ್ದು. ಹೋದ ವರ್ಷ ಮಗು ಹುಟ್ಟಿದ ದಿನ ಕಿಟಕಿ ಆಚೆ ನಿಂತಿದ್ರಲ್ಲ. ಆ ಸೊನ್ನೆ ಅಳಿಸಿ. ಆಮೇಲೆ ನನ್ನದು ನೋಡೋಣ."

"ಅದು ಮುಗಿದು ಹೋದ ವರ್ಷ. ಅಳಿಸಿದ್ರೂ ಏನೂ ಆಗಲ್ಲ."

"ಆಗದಿದ್ರೆ ಬೇಡ. ಆವತ್ತು ತಪ್ಪಾಯ್ತು ಅಂತ ಬಾಯಲ್ಲಿ ಹೇಳಿ ಸಾಕು. ನನ್ನ ಟವೆಲ್ ವಿಷಯಕ್ಕೆ ಇಷ್ಟು ಜನರನ್ನ ಕೇಳ್ತಿದ್ದೀರ. ಇವರ ವಿಷಯಕ್ಕೆ ಯಾಕೆ ಯಾರನ್ನೂ ಕೇಳ್ಲಿಲ್ಲ? ನಾನು ಕೆಲಸ ಕಳ್ಕೊಳ್ತಿದ್ದೀನಿ ಸಾರ್, ನನಗೆ ಇನ್ನು ಹೆದರಿಕೆ ಇಲ್ಲ. ಇವರಿಗೆ ಮುಚ್ಚಿದ ಬಾಗಿಲಲ್ಲಿ ನಾನೊಬ್ಬಳೇ ನುಗ್ಗಿದ್ರೆ ನಾಳೆ ಆ ಬೆಂಚಲ್ಲಿ ಕೂರೋಕೆ ನನಗೇ ಆಗಲ್ಲ. ಹೇಳ್ತೀರೋ ಇಲ್ವೋ?"

ಅವಳ ದನಿ ನಡುಗುತ್ತಿತ್ತು, ಕೈ ನಡುಗುತ್ತಿರಲಿಲ್ಲ. ಮೇಷ್ಟ್ರು ವ್ಯಾನಣ್ಣನ ಕಡೆ ನೋಡಿದ. ತುಟಿ ಒಂದು ಸಲ ಅಲ್ಲಾಡಿದ್ದು ನನಗೆ ಕಿಟಕಿಯಿಂದ ಕಂಡಿತು. ಬೋರ್ಡಿನ ಕಡೆ ತಿರುಗಿ, ಬರೆಯಲು ಏನೂ ಇಲ್ಲದಿದ್ದರೂ ಬಳಪ ಕೈಗೆ ತಗೊಂಡು ನಿಂತ. ನಾನು ಹಿಡಿದಿದ್ದ ಗ್ರಿಲ್ಲಿನ ಕಂಬಿ ಬಿಸಿಯಾಗಿತ್ತು.

ವ್ಯಾನಣ್ಣ ನಕ್ಕ. ಸಂತೋಷದ ನಗೆಯಲ್ಲ. "ಬಿಡಿ ಅಕ್ಕ, ಅವರ ಬಾಯಿಂದ ಬರಲ್ಲ" ಅಂದ. "ಒಂದು ವರ್ಷದಿಂದ ಈ ಮಾತನ್ನ ನನ್ನ ಪರವಾಗಿ ಯಾರೂ ಆಡಿರಲಿಲ್ಲ. ನನ್ನ ಹೆಂಡ್ತಿ ಕೂಡ ನೀನೇ ಬೇಗ ಓಡಬೇಕಿತ್ತು ಅಂತಾಳೆ." ಆಮೇಲೆ ಮೇಷ್ಟ್ರ ಬೆನ್ನಿಗೆ ಹೇಳಿದ: "ನನ್ನ ವರ್ಷ ಹೋಯ್ತು ಸಾರ್. ಇವರದ್ದನ್ನೂ ತಿಂದ್ರೆ ನನ್ನದು ವಾಪಸ್ ಬರುತ್ತಾ? ತಗೊಳ್ಳಿ ಅವರ ಹಲ್ಲನ್ನ. ನನ್ನ ತಕರಾರಿಲ್ಲ."

"ಬೇಡ" ಅಂದಳು ತಂಗಿ.

"ಅಕ್ಕ, ಸುಮ್ಮನೆ ಕೂತ್ಕೊಳ್ಳಿ. ನಾನು ಮತ್ತೆ ಮನಸ್ಸು ಬದಲಾಯಿಸಿದ್ರೆ ಕಷ್ಟ. ನನಗೂ ಹೊಟ್ಟೆ ಇದೆ."

ಕಿಟಕಿಯಿಂದ ನಾನು ಕೂಗಿಬಿಟ್ಟೆ, "ಕೂತ್ಕೊಳ್ಳೇ!" ಅಂತ. ಎಲ್ಲರೂ ತಿರುಗಿ ನೋಡಿದರು. ಅವಳು ಕೂತಳು. ಮೇಷ್ಟ್ರು ಬಂದು ಹಲ್ಲನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ಅವಳ ಗೂಡಿನಲ್ಲಿಟ್ಟ. ಇಟ್ಟ ಮೇಲೂ ಬೆರಳು ತೆಗೆಯದೆ ಎರಡು ಸಲ ನೆಟ್ಟಗೆ ಮಾಡಿದ. ಅದನ್ನು ನಾನು ನೋಡಿದ್ದೇನೆ, ಆದರೂ ನನ್ನ ಸಿಟ್ಟು ಇಳಿದಿಲ್ಲ.

ಅವಳು ಪಾಸಾದಳು. ವ್ಯಾನಣ್ಣನೂ ಪಾಸಾದ, ಒಳ್ಳೆಯ ಅಂಕವೇ ಬಂತು. ಲ್ಯಾಬಿನ ಯಜಮಾನಿ ಕೊಟ್ಟ ಮಾತಿನಂತೆ ತಂಗಿಯನ್ನು ಕೂರಿಸಿಕೊಂಡಳು. ತಂಗಿ ಮೊದಲನೇ ದಿನವೇ, "ಅಮ್ಮಾ, ಇದು ಇನ್ನೊಬ್ಬರಿಗೆ ಸೇರಬೇಕಾದ ಜಾಗ" ಅಂದಳಂತೆ. "ಇರೋದು ಒಂದೇ ಬೆಂಚು, ಕತ್ತರಿಸಿ ಕೊಡಲಾ?" ಅಂದಳಂತೆ ಆಕೆ. ಬೇರೆ ಲ್ಯಾಬಿನವರು ವ್ಯಾನಣ್ಣನಿಗೆ ಅನುಭವ ಇದೆಯಾ ಅಂತ ಕೇಳಿ ಕಳಿಸುತ್ತಾರೆ. ಅನುಭವ ಕೊಡುವವರು ಯಾರೂ ಇಲ್ಲ.

ಈಗ ಆ ಲ್ಯಾಬಿಗೆ ಅಚ್ಚು ಹಾಕುವ ಪುಡಿಯ ಚೀಲಗಳನ್ನು ತಂದು ಹಾಕುವವನು ಅವನೇ. ಮಹಡಿ ಮೆಟ್ಟಿಲು ಹತ್ತುವಾಗ ಅವನ ಏದುಸಿರು ಮೊದಲು ಬರುತ್ತದೆ, ಆಮೇಲೆ ಚೀಲ, ಆಮೇಲೆ ಅವನು. ತಂಗಿ ಬೆಂಚು ಬಿಟ್ಟು ಎದ್ದು ಚೀಲಕ್ಕೆ ಕೈ ಹಾಕಲು ಹೋಗುತ್ತಾಳೆ. "ಕೂತ್ಕೊಳ್ಳಿ ಅಕ್ಕ, ಭಾರ ಎತ್ತಿದ್ರೆ ಕೆತ್ತೋಕೆ ಕೈ ನಿಲ್ಲಲ್ಲ" ಅನ್ನುತ್ತಾನೆ. ಅವಳು ಕೂರುತ್ತಾಳೆ. ಆ ದಿನ ಮನೆಗೆ ಬಂದರೆ ಊಟ ಸರಿಯಾಗಿ ಮಾಡುವುದಿಲ್ಲ. ಮಗಳು ಪಾಠ ಒಪ್ಪಿಸುತ್ತಿದ್ದರೆ ಕೇಳಿಸಿಕೊಳ್ಳುವುದೂ ಇಲ್ಲ.

ಹೋದ ತಿಂಗಳು ಅವನ ವ್ಯಾನಿನ ಹಿಂಬಾಗಿಲ ಕೀಲು ಮುರಿದು, ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದ. ತಂಗಿ ಹೇಳಿದಳು, "ಅಣ್ಣ, ನೀನಾದ್ರೂ ಅದನ್ನ ಮಾಡಿಕೊಡು." ನನಗೂ ಅದೇ ಬೇಕಾಗಿತ್ತು. ಹೊಸ ಕೀಲು ತಂದಿಟ್ಟೆ, ಒಳ್ಳೆಯದು, ಗೇಟಿಗೆ ಹಾಕುವಂಥದ್ದು. ಯಾವತ್ತಾದರೂ ಬಾರಪ್ಪ, ಕಾಸು ಗೀಸು ಅಂದರೆ ಕಾಲು ಮುರಿಯುತ್ತೇನೆ ಅಂತ ಹೇಳಿ ಕಳಿಸಿದೆ. ದಿನಾ ವ್ಯಾನಿನ ಸದ್ದು ಬಂದರೆ ತಲೆ ಎತ್ತಿ ನೋಡುತ್ತಿದ್ದೆ.

ಮೊನ್ನೆ ಸಿಗ್ನಲ್ಲಿನಲ್ಲಿ ಅವನ ವ್ಯಾನು ನನ್ನ ಮುಂದೆಯೇ ನಿಂತಿತ್ತು. ಬಾಗಿಲಿಗೆ ಕೀಲು ಹಾಕಿಸಿದ್ದ. ಬೇರೆ ಯಾರೋ ಬೆಸೆದಿದ್ದರು, ಉಂಡೆ ಉಂಡೆಯಾಗಿ, ಸೊಟ್ಟಗೆ. ಒಂದು ಮಳೆಗಾಲ ತಡೆಯುವುದಿಲ್ಲ. ನಾನು ಹಾರ್ನ್ ಹೊಡೆದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ಕೈ ಎತ್ತಿದ, ಚೆನ್ನಾಗಿದ್ದೀರಾ ಅನ್ನುವ ಹಾಗೆ. ದೀಪ ಹಸಿರಾಯಿತು, ಹೊರಟುಹೋದ.